ಮಗುವಿಗೆ ಬೇಕಾದುದೇನು ಎಂದು ತಿಳಿಯುವ ಬಗೆ



ಯಾವ ಮಗುವಿಗೆ ವಿಶೇಷ ಶಿಕ್ಷಣ ಬೇಕು, ಎಂಥದ್ದು ಬೇಕು ಎಂದು ಗೊತ್ತುಮಾಡಿಕೊಳ್ಳುವ ಕೆಲಸದಲ್ಲಿ ನಮ್ಮ ಈ ಉತ್ತರ ಕರ್ನಾಟಕಕ್ಕೆ ಹಳೆಯ ಪಾಲಿದೆ. ಇಂದಿಗೂ ನಮ್ಮ ದೇಶದ ಆಸ್ಪತ್ರೆಗಳಲ್ಲಿ ಮಕ್ಕಳ ಬುದ್ಧಿಮಟ್ಟ ಅಳೆಯಲು ಬಿನೆ-ಕಾಮತ್ ಪರೀಕ್ಷೆಯನ್ನು ಬಳಸುತ್ತಾರೆ. ವಿ. ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದುವಂತೆ ಫ್ರಾನ್ಸಿನ ಮನೋವಿಜ್ಞಾನಿ ಆಲ್ಫ್ರೆಡ್ ಬಿನೆಯ ಪರೀಕ್ಷೆಯನ್ನು ಪರಿಷ್ಕರಿಸಿ, ಆ ಕೆಲಸವನ್ನು 1934ರಲ್ಲಿ ಪ್ರಕಟಿಸಿದರು. ಪರದೇಶದ ಮಕ್ಕಳಿಗೆಂದು ಹೆಣೆದ ಪ್ರಶ್ನೆಗಳನ್ನು ನಮ್ಮ ಮಕ್ಕಳಿಗೆ ಹಾಗೆಯೇ ಕೇಳಬಾರದು ಎಂಬ ವಿವೇಕ ಅವರದು. ಆ ವಿವೇಕಕ್ಕೆ ನಾನು ಕೈಮುಗಿಯುತ್ತೇನೆ.

ಆದರೆ ಬಿನೆ ಹೇಳಿದ್ದರಲ್ಲಿ ಅರ್ಧ ಮಾತ್ರ ನಮ್ಮವರೆಗೆ ಬಂತು. 1904ರಲ್ಲಿ ಫ್ರಾನ್ಸ್ ಸರ್ಕಾರ ಒಂದು ಸಮಿತಿ ಮಾಡಿತು. ಸಾಮಾನ್ಯ ತರಗತಿಯಲ್ಲಿ ಕಲಿಯಲಾಗದ ಮಕ್ಕಳನ್ನು ಗುರುತಿಸುವುದು ಹೇಗೆ ಎಂಬುದು ಅದರ ಮುಂದಿದ್ದ ಪ್ರಶ್ನೆ. ಅದಕ್ಕೆ ಉತ್ತರವಾಗಿ ಬಿನೆ ಮತ್ತು ಥಿಯೊಡೋರ್ ಸಿಮೊನ್ 1905ರಲ್ಲಿ ತಮ್ಮ ಮೊದಲ ಮಾಪನವನ್ನು ಹೊರತಂದರು. ಬುದ್ಧಿ ಹುಟ್ಟಿನಿಂದಲೇ ಇಷ್ಟೇ ಎಂದು ಗೆರೆ ಎಳೆದು ಬಿಡುವುದನ್ನು ಬಿನೆ ಬಲವಾಗಿ ವಿರೋಧಿಸಿದರು. ಹಿಂದುಳಿದ ಮಕ್ಕಳಿಗೆಂದು ಗಮನವನ್ನೂ ನೆನಪನ್ನೂ ಪಳಗಿಸುವ ಅಭ್ಯಾಸಗಳನ್ನೇ ರೂಪಿಸಿದರು. 1911ರಲ್ಲಿ ಅವರು ತೀರಿಕೊಂಡರು. 1916ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಆವೃತ್ತಿ ಬಂದ ಮೇಲೆ ಐಕ್ಯೂ ಎಂಬ ಅಂಕಿ ಎಲ್ಲ ಕಡೆ ಹರಡಿತು. ಪರೀಕ್ಷೆಯ ಮುಂದಿನ ಹೆಜ್ಜೆಯಾಗಬೇಕಿದ್ದ ಅಭ್ಯಾಸಗಳು ಹಿಂದೆಯೇ ಉಳಿದವು. ನಮ್ಮ ತಾಲ್ಲೂಕುಗಳಲ್ಲಿ ಇವತ್ತು ಕಾಣುವ ಕೊರತೆಯ ಬೇರು ಅಲ್ಲಿದೆ ಎಂದೇ ನನಗೆ ಅನಿಸುತ್ತದೆ.

ಆ ಕೊರತೆ ಎಂಥದ್ದೆಂದು ತಿಳಿಯಲು ನಾಲ್ಕನೆಯ ತರಗತಿಯ ಮೂವರು ಮಕ್ಕಳನ್ನು ಕಣ್ಣಮುಂದೆ ತಂದುಕೊಳ್ಳಿ. ಮೂವರೂ ಕನ್ನಡದಲ್ಲಿ ಹಿಂದೆ. ಮೂವರ ಹೆಸರಿನ ಮುಂದೆಯೂ 'ಓದಲು ಬರುವುದಿಲ್ಲ' ಎಂದು ಬರೆದಿದೆ. ಮೊದಲನೆಯ ಮಗುವಿನ ಉಕ್ತಲೇಖನದ ಪುಸ್ತಕ ತೆಗೆದು ನೋಡಿದರೆ, ಒತ್ತಕ್ಷರಗಳು ಬಿಟ್ಟುಹೋಗಿವೆ, ದೀರ್ಘಗಳು ಹ್ರಸ್ವವಾಗಿವೆ. ಅದೇ ಪಾಠವನ್ನು ನಾವು ಓದಿ ಹೇಳಿ ಪ್ರಶ್ನೆ ಕೇಳಿದರೆ ಮಾತ್ರ ಪಟಪಟನೆ ಉತ್ತರ ಬರುತ್ತದೆ. ಇಲ್ಲಿ ತಿಳಿವಳಿಕೆಗೆ ಏನೂ ಆಗಿಲ್ಲ, ಲಿಪಿ ಕೈಗೆ ಹತ್ತಿಲ್ಲ. ಎರಡನೆಯ ಮಗು ಬರೆಯುವಾಗ ಪ ಇರಬೇಕಾದಲ್ಲಿ ಬ, ತ ಇರಬೇಕಾದಲ್ಲಿ ದ ಹಾಕುತ್ತದೆ. ಮಳೆಗಾಲ ಬಂದರೆ ಕಿವಿ ಸೋರುತ್ತದೆ ಎಂದು ತಾಯಿ ಹೇಳುತ್ತಾಳೆ. ಆ ಮಗುವಿಗೆ ಮೊದಲು ಆಗಬೇಕಾದದ್ದು ಶ್ರವಣ ಪರೀಕ್ಷೆ. ಮೂರನೆಯದು ತಾಂಡಾದ ಮಗು. ಮನೆಯಲ್ಲಿ ಲಂಬಾಣಿ ಮಾತು, ಕನ್ನಡ ಕಿವಿಗೆ ಬಿದ್ದದ್ದೇ ಶಾಲೆಗೆ ಬಂದ ಮೇಲೆ. ಅದಕ್ಕೆ ಯಾವ ನ್ಯೂನತೆಯೂ ಇಲ್ಲದಿರಬಹುದು. ಎರಡು ಭಾಷೆಗಳ ನಡುವೆ ಸೇತುವೆ ಕಟ್ಟಿಕೊಡುವ ಶಿಕ್ಷಕರು ಸಿಕ್ಕರೆ ಸಾಕು.

ಮೂವರನ್ನೂ ಒಂದೇ ಪಟ್ಟಿಗೆ ಸೇರಿಸಿ ಕಳಿಸಿದರೆ, ಮೂವರಿಗೂ ಅನ್ಯಾಯವಾಗುತ್ತದೆ.

ಲಿಪಿಯ ಮಾತನ್ನು ಇನ್ನಷ್ಟು ಬಿಡಿಸಿ ಹೇಳಬೇಕು. ಇಂಗ್ಲಿಷ್ ಕಲಿಯುವ ಮಗು ಇಪ್ಪತ್ತಾರು ಅಕ್ಷರ ಕಲಿತರೆ ಅಕ್ಷರಮಾಲೆ ಮುಗಿಯಿತು. ನಮ್ಮ ಮಗುವಿಗೆ ವರ್ಣಮಾಲೆ ಆದ ಮೇಲೆ ಕಾಗುಣಿತ, ಅದಾದ ಮೇಲೆ ಒತ್ತಕ್ಷರ. ಕಣ್ಣು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಓದಿನ ಕಲಿಕೆಯನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ ಅವರ 2007ರ ಪ್ರಬಂಧ ಇದನ್ನೇ ತೋರಿಸುತ್ತದೆ: ಕನ್ನಡದ ಅಕ್ಷರಗಳೆಲ್ಲ ಮಕ್ಕಳಿಗೆ ಹಿಡಿತಕ್ಕೆ ಬರಲು ಮೊದಲ ಒಂದೆರಡು ವರ್ಷ ಸಾಲದು. ಆದ್ದರಿಂದ ಎರಡನೆಯ ತರಗತಿಯ ಮಗು ಒತ್ತಕ್ಷರದಲ್ಲಿ ತಡವರಿಸಿದ ಮಾತ್ರಕ್ಕೆ ಗಾಬರಿ ಬೇಡ. ಅದೇ ತರಗತಿಯ ಬೇರೆ ಮಕ್ಕಳು ಎಲ್ಲಿದ್ದಾರೆ, ಈ ಮಗು ಮೂರು ತಿಂಗಳ ಹಿಂದೆ ಎಲ್ಲಿತ್ತು, ಹೇಳಿಕೊಟ್ಟ ಮೇಲೆ ಎಷ್ಟು ಮುಂದೆ ಬಂತು ಎಂಬುದನ್ನು ನೋಡಬೇಕು. ಇಂಗ್ಲಿಷಿನ ಪರೀಕ್ಷಾಪಟ್ಟಿಯನ್ನು ಕನ್ನಡಕ್ಕೆ ಅನುವಾದಿಸಿ ಅಂಕ ಹಾಕಿದರೆ ಇದ್ಯಾವುದೂ ಸಿಗುವುದಿಲ್ಲ. 1934ರಲ್ಲಿ ಕಾಮತರಿಗೆ ಹೊಳೆದದ್ದನ್ನು ಓದಿನ ವಿಷಯದಲ್ಲಿ ನಾವು ಇನ್ನೂ ಪೂರ್ತಿಯಾಗಿ ಮಾಡಿಲ್ಲ.

ಈಗ ಶಿಬಿರಗಳ ವಿಷಯ. ಬಿಆರ್‌ಸಿ ಎಂಬ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವೈದ್ಯಕೀಯ ಶಿಬಿರ ನಡೆಯುತ್ತದೆ, ದೂರದ ಹಳ್ಳಿಗಳಿಂದ ಮಕ್ಕಳು ಬರುತ್ತಾರೆ. ಅಲ್ಲಿ ಸಿಗುವ ನ್ಯೂನತೆಯ ಶೇಕಡಾವಾರು ಪ್ರಮಾಣ ಮತ್ತು ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡ್ ಬಹಳ ಮುಖ್ಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಹಲವು ಸೌಲಭ್ಯಗಳಿಗೆ ಶೇ. 40ರ ಮಿತಿ ಇದೆ, ಮಾಸಾಶನಕ್ಕೂ ಕಾಗದ ಬೇಕು. ಬಡ ಮನೆಗೆ ಅದು ದೊಡ್ಡ ಆಸರೆ. ಆದರೆ 'ಶೇ. 50' ಎಂದು ಓದಿದ ಶಿಕ್ಷಕಿ ಮರುದಿನ ಬೆಳಿಗ್ಗೆ ಏನು ಮಾಡಬೇಕು? ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಕೋ, ದಪ್ಪ ಅಕ್ಷರದಲ್ಲಿ ಬರೆದುಕೊಡಬೇಕೋ, ಬಾಯಿಮಾತಿನ ಉತ್ತರಕ್ಕೆ ಅಂಕ ಕೊಡಬೇಕೋ, ಹೊತ್ತು ಹೆಚ್ಚು ಕೊಡಬೇಕೋ? ಇದನ್ನು ಆ ಹಾಳೆ ಹೇಳುವುದಿಲ್ಲ. ಮಗುವಿಗೆ ಈಗ ಏನು ಬರುತ್ತದೆ, ಯಾವ ಸಹಾಯ ಕೊಟ್ಟಾಗ ಬರುತ್ತದೆ, ಮುಂದಿನ ಮೂರು ತಿಂಗಳಲ್ಲಿ ಯಾರು ಏನು ಕಲಿಸುತ್ತಾರೆ, ಮತ್ತೆ ಯಾವಾಗ ನೋಡುತ್ತೇವೆ ಎಂದು ಕನ್ನಡದಲ್ಲಿ ಒಂದು ಪುಟ ಬರೆದು, ಅದನ್ನು ತಾಯಿಗೂ ತರಗತಿ ಶಿಕ್ಷಕಿಗೂ ಓದಿ ಹೇಳಿದಾಗಲೇ ಮಗುವಿಗೆ ಬೇಕಾದುದನ್ನು ಗುರುತಿಸುವ ಕೆಲಸ ಪೂರ್ತಿಯಾದಂತೆ. ನಮ್ಮ ಬಿಐಇಆರ್‌ಟಿ ಶಿಕ್ಷಕರು, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರು, ಊರೂರು ತಿರುಗಿ, ಹಾಸಿಗೆ ಹಿಡಿದ ಮಕ್ಕಳ ಮನೆಗೂ ಹೋಗಿ ಕಲಿಸುತ್ತಾರೆ. ಅವರ ನೋಟಕ್ಕೆ ಆ ಪುಟದಲ್ಲಿ ಮೊದಲ ಜಾಗ ಸಿಗಬೇಕು. ತಾಯಿಯ ಮಾತಿಗೂ ಅಷ್ಟೇ ಜಾಗ ಇರಲಿ. ಮಗು ಅಂಗಡಿಗೆ ಹೋಗಿ ಸರಿಯಾಗಿ ಚಿಲ್ಲರೆ ತರುತ್ತದೆ ಎಂಬುದು ಅವಳಿಗೆ ಗೊತ್ತಿರುತ್ತದೆ, ಲೆಕ್ಕದ ಪರೀಕ್ಷೆಗೆ ಗೊತ್ತಿರುವುದಿಲ್ಲ.

ಕೊನೆಗೆ ಒಂದು ಕಾನೂನಿನ ಸಂಗತಿ. ಶಾಲೆಗಳಲ್ಲಿ ಇದರ ಬಗ್ಗೆ ಗೊಂದಲವಿದೆ. ನಿರ್ದಿಷ್ಟ ಕಲಿಕಾ ನ್ಯೂನತೆಯ ಪ್ರಮಾಣಪತ್ರವನ್ನು ಎಂಟು ವರ್ಷ ತುಂಬಿದ ಮಕ್ಕಳಿಗೆ ಕೊಡಬೇಕೆಂದು 2018ರ ಕೇಂದ್ರ ಮಾರ್ಗಸೂಚಿ ಹೇಳಿತು. ಅದಕ್ಕೆ ಕಾರಣವೂ ಸರಿಯಾಗಿದೆ, ಅದಕ್ಕಿಂತ ಮೊದಲು ಓದು ಬಲಿತಿರುವುದಿಲ್ಲ. ಆದರೆ 2016ರ ಅದೇ ಕಾಯ್ದೆಯ 16ನೆಯ ಸೆಕ್ಷನ್ ಬೇರೆಯದನ್ನು ಹೇಳುತ್ತದೆ: ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಮಕ್ಕಳ ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ, ಅದಕ್ಕೆ ತಕ್ಕ ಬೋಧನಾ ಕ್ರಮ ಕೈಗೊಳ್ಳಬೇಕು. ಅಲ್ಲಿ ಪ್ರಮಾಣಪತ್ರದ ಷರತ್ತಿಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ರಿಯಾಯಿತಿ ಕೇಳುವಾಗ ಕಾಗದ ಬೇಕಾಗುತ್ತದೆ, ನಿಜ. ಆರು ವರ್ಷದ ಮಗುವಿಗೆ ಒತ್ತಕ್ಷರವನ್ನು ಬೇರೆ ರೀತಿಯಲ್ಲಿ, ಇನ್ನೊಂದು ಸಲ ಹೇಳಿಕೊಡಲು ಯಾರ ಸಹಿಯೂ ಬೇಡ. 'ಎಂಟು ತುಂಬಲಿ, ಆಮೇಲೆ ನೋಡೋಣ' ಎಂದು ನಿಮ್ಮ ಶಾಲೆಯಲ್ಲಿ ಯಾರಾದರೂ ಒಬ್ಬ ತಾಯಿಯನ್ನು ಈ ವರ್ಷ ಹಿಂದಕ್ಕೆ ಕಳಿಸಿದ್ದರೆ, ದಯವಿಟ್ಟು ನಾಳೆ ಅವಳನ್ನು ಮತ್ತೆ ಕರೆಸಿ, ಮಗುವಿನ ಉಕ್ತಲೇಖನದ ಪುಸ್ತಕವನ್ನು ತರಲು ಹೇಳಿ.