ಬೀದಿಯೂ ನಮ್ಮ ಸಭಾಭವನವೇ

(ಗಿರಣಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ ಮನೆಗೂ ಹೋಗದೆ ನೇರವಾಗಿ ಇಲ್ಲಿಗೆ ಬಂದವರಿದ್ದೀರಿ. ವ್ಯಾಪಾರದ ಹೊತ್ತಿನಲ್ಲಿ ಅಂಗಡಿಯ ಬಾಗಿಲು ಎಳೆದು ಬಂದವರೂ ಇದ್ದೀರಿ. ಆದುದರಿಂದ ಮಾತನ್ನು ಬೆಳೆಸದೆ ಒಂದೇ ವಿಷಯ ಹೇಳುತ್ತೇವೆ.

ಪ್ರಜಾಪ್ರಭುತ್ವ ಇರುವುದೆಲ್ಲಿ? ವಿಧಾನಸೌಧದಲ್ಲಿ ಎಂದು ಶಾಲೆಯ ಪುಸ್ತಕ ಹೇಳುತ್ತದೆ. ಐದು ವರ್ಷಕ್ಕೊಮ್ಮೆ ಒತ್ತುವ ಮತಯಂತ್ರದ ಗುಂಡಿಯಲ್ಲಿ ಎಂದು ಪುಢಾರಿಗಳು ಹೇಳುತ್ತಾರೆ. ಅದು ಗಿರಣಿಯ ಗೇಟಿನ ಮುಂದೆ, ಚಹಾದಂಗಡಿಯ ಬೆಂಚಿನ ಮೇಲೆ, ನಲ್ಲಿಯೆದುರಿನ ಕೊಡಗಳ ಸಾಲಿನಲ್ಲಿ, ಸಂತೆಯ ಗದ್ದಲದಲ್ಲಿ ಇದೆಯೆಂದು ನಾವು ಹೇಳುತ್ತೇವೆ.

ಸಂಬಳದಲ್ಲಿ ಹಣ ಕಡಿತವಾದರೆ ಕಾರ್ಮಿಕ ಮನೆಯಲ್ಲಿ ಒಬ್ಬನೇ ಕುಳಿತು ‘ನನ್ನ ಹಣೆಬರಹ’ ಎನ್ನುತ್ತಾನೆ. ಅದೇ ಸಂಬಳದ ಚೀಟಿಯನ್ನು ಚಹಾದಂಗಡಿಯಲ್ಲಿ ಹೊರತೆಗೆದರೆ ಪಕ್ಕದವನೂ ತನ್ನದನ್ನು ತೆಗೆಯುತ್ತಾನೆ. ಇಬ್ಬರಿಗೂ ಅಷ್ಟೇ ಕಡಿತ! ಆಗ ಅದು ಹಣೆಬರಹವಲ್ಲ, ಮಾಲೀಕನ ಬರಹ ಎಂಬುದು ಗೊತ್ತಾಗುತ್ತದೆ. ಸಂಘ ಹುಟ್ಟುವುದು ಅಲ್ಲಿ. ರಸೀದಿ ಪುಸ್ತಕ, ಬಾವುಟ, ಅಧ್ಯಕ್ಷ, ಕಾರ್ಯದರ್ಶಿ ಎಲ್ಲ ಆಮೇಲೆ. ನೀರು ಬಾರದ ನಲ್ಲಿಯ ಮುಂದೆ ನಿಂತ ಹೆಂಗಸರು ಖಾಲಿ ಕೊಡ ಹಿಡಿದು ಪೌರಸಭೆಗೆ ಹೊರಟರೆ ಅದೂ ಹೀಗೆಯೇ. ನಿತ್ಯ ಸೇರುವ ಜಾಗವಿಲ್ಲದಿದ್ದರೆ ಈ ಮಾತೇ ಹುಟ್ಟುತ್ತಿರಲಿಲ್ಲ.

ಆದರೆ ಒಂದು ಪ್ರಶ್ನೆಯನ್ನು ನಮಗೆ ನಾವೇ ಹಾಕಿಕೊಳ್ಳಬೇಕು. ಈ ಬೆಂಚು, ಈ ಕಟ್ಟೆ ಎಲ್ಲರದೂ ಆಗಿತ್ತೆ? ಇರಲಿಲ್ಲ. ಸಾರ್ವಜನಿಕ ಕೆರೆ, ಬಾವಿಗಳನ್ನು ಅಸ್ಪೃಶ್ಯರಿಗೂ ತೆರೆಯಬೇಕೆಂದು ಮುಂಬಯಿ ಶಾಸನ ಪರಿಷತ್ತು 1923ರಲ್ಲೇ ನಿರ್ಣಯ ಮಾಡಿತ್ತು. ಮಹಾಡದ ಪೌರಸಭೆಯೂ ಅದನ್ನು ಒಪ್ಪಿತ್ತು. ನಿರ್ಣಯ ಕಡತದಲ್ಲಿ ಮಲಗಿತು, ಕೆರೆಯ ನೀರು ಮಾತ್ರ ಸಿಗಲಿಲ್ಲ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದುಹೋಗಿ ಚವದಾರ ಕೆರೆಯ ನೀರನ್ನು ಬೊಗಸೆಯಲ್ಲಿ ಕುಡಿದರು. ಅದೇ ದಿನ ಅವರ ಜನ ಹೊಡೆತ ತಿಂದರು. ನಮ್ಮ ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳನ್ನು ಹೆಸರು ಹಿಡಿದು ಹೇಳಿ, ಇಲ್ಲಿ ಜಾತಿಯ ತಡೆ ಕೂಡದು ಎನ್ನುತ್ತದೆ. ಆ ಮಾತಿನ ಹಿಂದೆ ಇಂಥ ಪೆಟ್ಟುಗಳಿವೆ. ಹಾಗಿದ್ದೂ ಬೀದಿ ಗುಡಿಸುವ ತಾಯಿ ನಮ್ಮ ಬೆಂಚಿನ ಮೇಲೆ ನಮ್ಮ ಪಕ್ಕ ಕುಳಿತು ಚಹಾ ಕುಡಿಯುತ್ತಾಳೆಯೆ? ಸಂಜೆಯ ಕಟ್ಟೆಯ ಮೇಲೆ ಒಬ್ಬ ಹೆಂಗಸಾದರೂ ಇರುತ್ತಾಳೆಯೆ? ಇಲ್ಲವಾದರೆ ನಮ್ಮ ಬೀದಿ ಇನ್ನೂ ಅರ್ಧ ಬೀದಿ.

ಬಂಧುಗಳೆ, ಕಷ್ಟಪಟ್ಟು ತೆರೆಸಿದ ಜಾಗಗಳು ಈಗ ಬೇರೆ ದಾರಿಯಿಂದ ಮುಚ್ಚುತ್ತಿವೆ. ಮುಂಬಯಿಯ ಗಿರಣಗಾಂವದಲ್ಲಿ 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಅಲ್ಲಿ ಗೇಟಿನ ಮುಂದಿನ ಸಭೆಯೇ ಅವರ ಸಂಸತ್ತು. ಮುಷ್ಕರ ಸೋತಿತು, ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಲೋವರ್ ಪರೇಲಿನ ಫೀನಿಕ್ಸ್ ಗಿರಣಿಯ ನೆಲದಲ್ಲಿ ಇಂದು ಮಾಲ್ ಇದೆ. ನಮ್ಮ ಬೆಂಗಳೂರಿನಲ್ಲೂ ಜನ ರಾಜಾ ಮಿಲ್ ಎಂದು ಕರೆಯುತ್ತಿದ್ದ ಗಿರಣಿಯ ನೆಲದ ಮೇಲೆ, ಮಲ್ಲೇಶ್ವರದ ಅಂಚಿನಲ್ಲಿ, ಮಾಲ್ ಎದ್ದಿದೆ. ಕೆಲಸ ಹೋದುದನ್ನು ಎಲ್ಲರೂ ಲೆಕ್ಕ ಹಾಕಿದರು. ಗೇಟೂ ಹೋಯಿತು, ಅದರ ಲೆಕ್ಕ ಯಾರು ಬರೆದರು? ಮಾಲಿನೊಳಗೆ ಸಾವಿರ ಜನ ಸೇರಬಹುದು, ಸಭೆ ಸೇರಲಾಗದು. ಕೊಳ್ಳುವವನಿಗೆ ಅಲ್ಲಿ ಜಾಗವಿದೆ, ಕೇಳುವವನಿಗಿಲ್ಲ.

ಇನ್ನೊಂದು ಬಗೆಯ ಮುಚ್ಚುವಿಕೆ ಸರ್ಕಾರದ್ದು. ಬೆಂಗಳೂರಿನ ಹಳೆಯ ಕೇಂದ್ರ ಕಾರಾಗೃಹವನ್ನು ನೀವು ಬಲ್ಲಿರಿ. 1975ರ ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯವರೊಡನೆ ಸಮಾಜವಾದಿ ಮಧು ದಂಡವತೆಯವರನ್ನೂ ಅಲ್ಲಿ ಕೂಡಿಹಾಕಿದ್ದರು. ನಟಿ, ಸಮಾಜವಾದಿ ಸ್ನೇಹಲತಾ ರೆಡ್ಡಿಯವರು ಅದೇ ಜೈಲಿನಲ್ಲಿ ಆಸ್ತಮಾದಿಂದ ನರಳಿ, ಹೊರಗೆ ಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಆ ಜೈಲು ಈಗ ಫ್ರೀಡಂ ಪಾರ್ಕು. ಸಂತೋಷ. ಆದರೆ 2022ರಲ್ಲಿ ಜಾರಿಗೆ ಬಂದ ಪೊಲೀಸ್ ಆದೇಶದಂತೆ ರಾಜಧಾನಿಯಲ್ಲಿ ಪ್ರತಿಭಟನೆ ಮಾಡುವುದಾದರೆ ಅಲ್ಲೇ ಮಾಡಬೇಕು, ಬೇರೆಲ್ಲೂ ಕೂಡದು. ಅಂದು ಮಾತನಾಡಿದವರನ್ನು ಆ ಗೋಡೆಯೊಳಗೆ ಹಾಕಿದರು. ಇಂದು ಮಾತನ್ನೇ ಅಲ್ಲಿಗೆ ಕಳಿಸಿದ್ದಾರೆ!

ಸಂಚಾರಕ್ಕೆ ಅಡ್ಡಿಯಾಗುತ್ತದೆ ಎನ್ನುತ್ತಾರೆ. ಬೀದಿ ಬಂದಾದರೆ ನಷ್ಟ ನಮಗೇ ಎಂದು ವ್ಯಾಪಾರಿ ಮಿತ್ರರೂ ಹೇಳುತ್ತಾರೆ. ಅದು ಸುಳ್ಳಲ್ಲ. ಆಸ್ಪತ್ರೆಯ ಗಾಡಿಗೆ ದಾರಿ ಬಿಡಬೇಕು, ಹೊತ್ತು ಗೊತ್ತುಮಾಡಬೇಕು, ಬಡವನ ಗಾಡಿ ಉರುಳಿಸುವ ಚಳವಳಿ ಚಳವಳಿಯಲ್ಲ. ಕ್ರಮ ಬೇಡವೆಂದು ನಾವು ಹೇಳುತ್ತಿಲ್ಲ. ಕ್ರಮ ಬೇರೆ, ಬೀಗ ಬೇರೆ. ಗಿರಣಿಗಳ ಊರಾದ ಅಹಮದಾಬಾದಿನಿಂದ ಬಂದ ಹಿಮ್ಮತಲಾಲ್ ಶಾ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1972ರಲ್ಲಿ ಇದನ್ನೇ ಹೇಳಿತು: ಬೀದಿಯ ಸಭೆಗೆ ನ್ಯಾಯವಾದ ನಿಯಮ ಮಾಡಬಹುದು, ಎಲ್ಲ ಬೀದಿಗಳನ್ನೂ ಬಯಲುಗಳನ್ನೂ ಸಭೆಗೆ ಮುಚ್ಚಿಬಿಡುವಂತಿಲ್ಲ.

ತಳ್ಳುಗಾಡಿಯ ಮಿತ್ರರಿಗೂ ಕಾನೂನಿನ ಬಲವಿದೆ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯಂತೆ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ನಲವತ್ತಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಆರಿಸಿದ ವ್ಯಾಪಾರಿಗಳಾಗಿರಬೇಕು. ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರು. ಸೊಪ್ಪು ಮಾರುವ ತಾಯಿ ಅಧಿಕಾರಿಯ ಸರಿಸಮನಾಗಿ ಕುರ್ಚಿಯಲ್ಲಿ ಕುಳಿತು, ಸಂತೆ ಎಲ್ಲಿರಬೇಕೆಂದು ಮಾತನಾಡಬೇಕೆಂಬುದು ಈ ದೇಶದ ಶಾಸನ. ಈಗ ಹೇಳಿ, ನಿಮ್ಮಲ್ಲಿ ಎಷ್ಟು ಮಂದಿ ಆ ಸಮಿತಿಯ ಚುನಾವಣೆಯನ್ನು ಕಂಡಿದ್ದೀರಿ? ಕಾಣದವರು ನಾಳೆಯೇ ಪೌರಸಭೆಗೆ ಹೋಗಿ ಕೇಳಿರಿ. ಒಬ್ಬೊಬ್ಬರೇ ಹೋಗಬೇಡಿ.

ಆದುದರಿಂದ ನಮ್ಮ ಕೆಲಸ ಮೂರು. ಊರಿನ ಬಯಲಿಗೆ ಬೇಲಿ ಬೀಳಲಿದೆಯೆಂದು ತಿಳಿದರೆ, ಕಲ್ಲುಕಂಬ ನೆಡುವ ಮುನ್ನವೇ ಅಲ್ಲಿ ಸಭೆ ಸೇರಬೇಕು. ಎರಡನೆಯದು, ಗಿರಣಿಯವರೂ ಅಂಗಡಿಯವರೂ ಬೇರೆಬೇರೆ ಕಟ್ಟೆಯಲ್ಲಿ ಕೂರುವುದನ್ನು ಬಿಡಬೇಕು. ಕಾರ್ಮಿಕನ ಸಂಬಳ ನಿಂತ ತಿಂಗಳು ಕಿರಾಣಿ ಅಂಗಡಿಯ ಸಾಲದ ಪುಸ್ತಕ ದಪ್ಪವಾಗುತ್ತದೆ, ಇಬ್ಬರ ಕಷ್ಟವೂ ಒಂದೇ ಬುಡದ್ದು. ಮೂರನೆಯದು, ಎಲ್ಲಕ್ಕೂ ಕಷ್ಟದ್ದು: ಇದುವರೆಗೆ ನಿಂತೇ ಚಹಾ ಕುಡಿದವರಿಗೆ ಬೆಂಚಿನಲ್ಲಿ ಸರಿದು ಜಾಗ ಕೊಡಬೇಕು.

ಈ ಸಭೆ ಮುಗಿದ ಮೇಲೆ ಎಲ್ಲರೂ ಚಹಾಕ್ಕೆ ಹೋಗುತ್ತೀರಿ. ಮೂರನೆಯ ಕೆಲಸವನ್ನು ಅಲ್ಲಿಂದಲೇ ಆರಂಭಿಸೋಣ.