ಗೇಟಿನ ಚಿತ್ರ, ಹೊಲದ ಚಿತ್ರ

(ಚಿಕ್ಕೋಡಿಯ ರೈತಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಸಹ್ಯಾದ್ರಿಯಲ್ಲಿ ಹುಟ್ಟಿ ನಿಮ್ಮ ಬಯಲಿಗೆ ಇಳಿಯುತ್ತವೆ. ಗುಡ್ಡದ ಮೇಲಿನ ನಮಗೂ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ನಿಮಗೂ ಇರುವುದು ನೀರಿನ ನಂಟು. ಈ ನೀರಿಗಾಗಿ ಸರಕಾರಗಳು ಕಟ್ಟಿದ ಅಣೆಕಟ್ಟೆ, ಕಾಲುವೆಗಳನ್ನು ಛಾಯಾಚಿತ್ರಗಳು ಹೇಗೆ ತೋರಿಸಿವೆ, ಏನನ್ನು ಬಿಟ್ಟಿವೆ ಎಂಬುದೇ ನನ್ನ ಇಂದಿನ ವಿಷಯ.

1936ರ ನವೆಂಬರ್ 23ರಂದು ಅಮೆರಿಕದ ‘ಲೈಫ್’ ಚಿತ್ರಪತ್ರಿಕೆಯ ಮೊದಲ ಸಂಚಿಕೆ ಹೊರಬಂದಿತು. ಮುಖಪುಟದಲ್ಲಿದ್ದುದು ಮಾರ್ಗರೆಟ್ ಬೌರ್ಕ್-ವೈಟ್ ತೆಗೆದ ಫೋರ್ಟ್ ಪೆಕ್ ಅಣೆಕಟ್ಟೆಯ ಕಾಮಗಾರಿಯ ಚಿತ್ರ: ಕಾಂಕ್ರೀಟಿನ ದೈತ್ಯ ಕಂಬಗಳು, ಅವುಗಳ ಬುಡದಲ್ಲಿ ಇರುವೆಗಳಂತೆ ಇಬ್ಬರು ಮನುಷ್ಯರು. ಅಣೆಕಟ್ಟೆಯ ಚಿತ್ರವೆಂದರೆ ಹೀಗಿರಬೇಕೆಂಬ ಮಾದರಿ ಜಗತ್ತಿನಲ್ಲೆಲ್ಲ ಬೇರೂರಿತು. ಸ್ವತಂತ್ರ ಭಾರತದಲ್ಲಿಯೂ ಅದೇ ದೃಷ್ಟಿ ಮುಂದುವರಿಯಿತು.

1959ರ ಡಿಸೆಂಬರ್ 6ರಂದು ದಾಮೋದರ ಕಣಿವೆಯ ಪಂಚೇತ್ ಅಣೆಕಟ್ಟೆಯನ್ನು ನೆಹರೂ ಅವರ ಸಮ್ಮುಖದಲ್ಲಿ ಗುಂಡಿ ಒತ್ತಿ ಚಾಲನೆಗೊಳಿಸಿದವಳು ಬುಧ್ನಿ ಮೆಝಾನ್ ಎಂಬ ಸಂತಾಲ ತರುಣಿ. ಆ ಚಿತ್ರ ದೇಶದ ಪತ್ರಿಕೆಗಳಲ್ಲಿ ಬೆಳಗಿತು. ಪ್ರಧಾನಿಗೆ ಹಾರ ಹಾಕಿದ್ದೇ ವಿವಾಹವೆಂದು ಸಮುದಾಯದವರು ಆಕೆಯನ್ನು ಬಹಿಷ್ಕರಿಸಿದರು; 1962ರಲ್ಲಿ ಇದ್ದ ಕೆಲಸವೂ ಹೋಯಿತು. ಲೋಕಾರ್ಪಣೆಯ ದಿನ ಮುಗಿದ ಮೇಲಿನ ಆ ಬದುಕಿಗೆ ಸರಕಾರಿ ಕ್ಯಾಮರಾ ತಿರುಗಲಿಲ್ಲ.

ನಮ್ಮಲ್ಲಿಯೂ ಅಷ್ಟೆ. ಶಂಕುಸ್ಥಾಪನೆ, ಗೇಟು ತೆರೆಯುವುದು, ಜಲಾಶಯ ತುಂಬಿದಾಗ ಬಾಗಿನ: ನಮ್ಮ ನೀರಾವರಿಯ ಚಿತ್ರಸಂಪುಟದಲ್ಲಿ ಹೆಚ್ಚಾಗಿ ಕಾಣುವುದು ಈ ಮೂರೇ. 1977ರಲ್ಲಿ ಪೂರ್ಣಗೊಂಡ ಹಿಡಕಲ್ ಜಲಾಶಯದ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ ಹುನ್ನೂರಿನ ವಿಠ್ಠಲ ಮಂದಿರ ಮೇಲೆದ್ದು ಕಾಣುತ್ತದೆ. ಜನರು ಅದನ್ನು ನೋಡಲು ಬಂದು ಚಿತ್ರ ತೆಗೆಯುತ್ತಾರೆ. ಮುಳುಗಡೆಯ ನೆನಪು ಹೀಗಾದರೂ ಉಳಿಯಿತು. ಆದರೆ ಘಟಪ್ರಭಾ ಯೋಜನೆಯ ಚಿಕ್ಕೋಡಿ ಶಾಖಾ ಕಾಲುವೆಯ ಕೊನೆಯ ಹೊಲಕ್ಕೆ ನೀರು ತಲುಪದ ವರ್ಷಗಳ ಚಿತ್ರ ಎಲ್ಲಿದೆ? ಕೃಷ್ಣಾತೀರದ ಎರೆಭೂಮಿ ಸವಳು-ಜವಳಾದ ಚಿತ್ರ ಎಲ್ಲಿದೆ?

ಈ ಹಾನಿ ಒಂದು ದಿನದ ಘಟನೆಯಲ್ಲ. ಬಸಿಗಾಲುವೆಯಿಲ್ಲದೆ ಕಬ್ಬಿಗೆ ವರ್ಷವಿಡೀ ನೀರು ಹಾಯಿಸಿದಾಗ ಅಂತರ್ಜಲದ ಮಟ್ಟ ಏರುತ್ತದೆ. ಅದು ನೆಲದಿಂದ ಸುಮಾರು 2 ಮೀಟರಿನೊಳಗೆ ಬಂದರೆ ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ನೀರು ಮೇಲೇರಿ, ಆವಿಯಾಗಿ, ಲವಣವನ್ನು ಮೇಲ್ಪದರದಲ್ಲಿ ಬಿಟ್ಟುಹೋಗುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ಬಿಳಿಯಾಗಿ ಕಾಣುವ ಹೊಲ ಮಳೆಗಾಲದಲ್ಲಿ ಹಸಿರಾಗಿ ಕಾಣಬಹುದು. ಆದ್ದರಿಂದ ಒಂದು ಚಿತ್ರ ಸಾಕ್ಷಿಯಾಗದು. ಒಂದೇ ಸ್ಥಳದಿಂದ, ಒಂದೇ ತಿಂಗಳಲ್ಲಿ, ವರ್ಷವರ್ಷವೂ ತೆಗೆದ ಸರಣಿ ಬೇಕು.

ಆಕಾಶದಿಂದ ತೆಗೆದ ಸರಣಿಯೊಂದು ಈಗಾಗಲೇ ಇದೆ. 1972ರಿಂದ ಭೂಮಿಯನ್ನು ಚಿತ್ರಿಸುತ್ತಿರುವ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಸಂಗ್ರಹ 2008ರಿಂದ ಎಲ್ಲರಿಗೂ ಉಚಿತ. ಅದರ 30 ಮೀಟರ್ ಚೌಕದ ಒಂದು ಚುಕ್ಕೆಯೆಂದರೆ ಸುಮಾರು 9 ಗುಂಟೆ. ಅದಕ್ಕಿಂತ ಚಿಕ್ಕ ಸವಳು ತುಂಡನ್ನು ನೆಲದ ಮೇಲೆ ನಿಂತು ನಾವೇ ದಾಖಲಿಸಬೇಕು.

ವಿಧಾನ ಸರಳ. ಬದುವಿನ ಕಲ್ಲು ಅಥವಾ ಬಾವಿಯ ಕಟ್ಟೆಯಂಥ ಸ್ಥಿರ ಗುರುತಿನ ಬಳಿ ನಿಂತು, ಅಳತೆಗೋಲು ಚೌಕಟ್ಟಿನೊಳಗೆ ಬರುವಂತೆ ಚಿತ್ರ ತೆಗೆಯಿರಿ. ಸರ್ವೆ ನಂಬರು, ದಿಕ್ಕು, ದಿನಾಂಕ, ಬಾವಿಯ ನೀರಿನ ಆಳ ಇವನ್ನು ವಹಿಯಲ್ಲಿ ಬರೆಯಿರಿ. ಬಿಳಿ ಕಂಡಮಾತ್ರಕ್ಕೆ ಲವಣದ ಪ್ರಮಾಣ ತಿಳಿಯದು, ಮಣ್ಣುಪರೀಕ್ಷೆ ಜೊತೆಗಿರಲಿ. ಸಾರದ್ರವದ ವಿದ್ಯುತ್ ವಾಹಕತೆ 4 ಡೆಸಿಸೀಮನ್ಸ್ ದಾಟಿದರೆ ಅದು ಸವಳುಭೂಮಿ. 2019ರ ಆಗಸ್ಟ್‌ನಂಥ ಮಹಾಪೂರ ಮತ್ತೆ ಬಂದರೆ, ಗೋಡೆಯ ಮೇಲಿನ ನೀರಿನ ಗುರುತನ್ನೂ ಅಳಿಯುವ ಮುನ್ನ ಹೀಗೆಯೇ ದಾಖಲಿಸಿರಿ.

ಚಿತ್ರ ತೆಗೆಯಲು ಕೆಲವರಿಗೆ ಭಯವಿದೆ. 1923ರ ಅಧಿಕೃತ ರಹಸ್ಯಗಳ ಕಾಯಿದೆ, ದೇಶದ ಸುರಕ್ಷತೆಯ ಹೆಸರಿನಲ್ಲಿ, ನೀರಿನ ಕಾಮಗಾರಿಗಳನ್ನೂ ‘ನಿಷೇಧಿತ ಸ್ಥಳ’ವೆಂದು ಘೋಷಿಸಲು ಅವಕಾಶ ಕೊಟ್ಟಿದೆ. ಅಣೆಕಟ್ಟೆಯ ಬಳಿಯ ನಿಷೇಧವನ್ನು ಪಾಲಿಸೋಣ. ನಮ್ಮ ಹೊಲ ನಿಷೇಧಿತ ಸ್ಥಳವಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯಂತೂ ಕಾಮಗಾರಿಯ ಪರಿಶೀಲನೆಯನ್ನೂ ದೃಢೀಕೃತ ಮಾದರಿ ಪಡೆಯುವುದನ್ನೂ ಪ್ರಜೆಯ ಹಕ್ಕೆಂದೇ ಹೇಳಿದೆ.

ಅಥಣಿ, ಕಾಗವಾಡಗಳ ಒಣಭೂಮಿಗೆ ಏತ ನೀರಾವರಿಯಿಂದ ನೀರು ಬರುವುದನ್ನು ನಾನು ವಿರೋಧಿಸುವವನಲ್ಲ. ಆದರೆ ಮೊದಲ ನೀರಿನ ಮುನ್ನವೇ ಹೊಲದ ಮೊದಲ ಚಿತ್ರ ತೆಗೆದಿಡಬೇಕು. ಹತ್ತು ವರ್ಷಗಳ ಬಳಿಕ ಬಸಿಗಾಲುವೆಯನ್ನೋ ಪರಿಹಾರವನ್ನೋ ಕೇಳಲು ಹೋದಾಗ, ಈ ಭೂಮಿ ಮೊದಲಿನಿಂದಲೂ ಹೀಗೆಯೇ ಇತ್ತೆಂದು ಯಾರೂ ಹೇಳಲಾಗದಿರಲಿ. ಪ್ರತಿ ಗ್ರಾಮದಲ್ಲಿ ಇಬ್ಬರು ಯುವಕ-ಯುವತಿಯರು ಈ ಹೊಣೆ ಹೊರಬೇಕೆಂದು ಕೋರುತ್ತೇನೆ.