ಗುಡ್ಡದ ಕಟ್ಟಡಕ್ಕೆ ಮೂರು ಅಳತೆ: ಎತ್ತರ, ಬೆಳಕು, ಅಂಗಳ
(ಭಾಷಣದ ಬರಹರೂಪ)



2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ಮೊದಲ ದೂರು ಮಳೆಯ ಮೇಲೆ ಬಂದಿತು. ಮಳೆ ಅಸಾಧಾರಣವಾಗಿದ್ದುದು ನಿಜ. ಆದರೆ ರಸ್ತೆಗಾಗಿ, ಕಟ್ಟಡಕ್ಕಾಗಿ ಬುಡ ಕಡಿಸಿಕೊಂಡ ಇಳಿಜಾರು ನೀರುಂಡ ಮಣ್ಣಿನ ಭಾರವನ್ನು ತಾಳಲಾರದು ಎಂಬುದೂ ಅಷ್ಟೇ ನಿಜ.

ಪಶ್ಚಿಮಘಟ್ಟ ಕುರಿತ ಕಸ್ತೂರಿರಂಗನ್ ಸಮಿತಿಯು 2013ರ ವರದಿಯಲ್ಲಿ, ಸೂಕ್ಷ್ಮ ಪ್ರದೇಶದೊಳಗೆ 20,000 ಚದರ ಮೀಟರ್ ಮತ್ತು ಅದಕ್ಕೂ ಮೇಲ್ಪಟ್ಟ ಕಟ್ಟಡ ಯೋಜನೆಗಳು ಬೇಡವೆಂದಿತು. ಆ ಶಿಫಾರಸಿನ ಪರ-ವಿರೋಧ ವಾದಗಳಲ್ಲಿ ಒಂದು ಸಂಗತಿ ಮರೆಯಾಯಿತು. 20,000 ಚದರ ಮೀಟರ್ ಎಂದರೆ ಸುಮಾರು 5 ಎಕರೆ ನೆಲಹಾಸು. ಊರಿನ ಗುಡ್ಡವನ್ನು ಬದಲಿಸುವ ಕಟ್ಟಡಗಳಲ್ಲಿ ಬಹುಪಾಲು ಅದಕ್ಕಿಂತ ಬಹಳ ಚಿಕ್ಕವು. ಅವುಗಳ ಲಗಾಮು ಸ್ಥಳೀಯ ನಿಯಮಗಳಲ್ಲಿಯೇ ಇರಬೇಕು.

ಮೊದಲನೆಯದು ಎತ್ತರ. ಇಳಿಜಾರಿನಲ್ಲಿ ಎತ್ತರವನ್ನು ಎಲ್ಲಿಂದ ಅಳೆಯಬೇಕು? ರಸ್ತೆಯ ಕಡೆಯಿಂದ ಎರಡು ಅಂತಸ್ತಾಗಿ ಕಾಣುವ ಕಟ್ಟಡ ಕಣಿವೆಯ ಕಡೆಯಿಂದ ಐದು ಅಂತಸ್ತಾಗಿರಬಹುದು. ಅಳತೆ ಅತಿ ತಗ್ಗಿನ ನೆಲದಿಂದ ಆರಂಭವಾಗಬೇಕು. ಇನ್ನೊಂದು ಎಚ್ಚರವೂ ಅಗತ್ಯ: ಎತ್ತರವನ್ನಷ್ಟೇ ತಡೆದರೆ ಕಟ್ಟಡ ಅಗಲಕ್ಕೆ ಹಬ್ಬಿ ಧರೆಯನ್ನು ಇನ್ನಷ್ಟು ಕಡಿಯುತ್ತದೆ. ಆದ್ದರಿಂದ ಎತ್ತರದ ಮಿತಿಯೊಡನೆ ಧರೆ ಕಡಿಯುವ ಮಿತಿಯೂ ಇರಬೇಕು.

ಎರಡನೆಯದು ಬೆಳಕು. ಮುಂಗಾರಿಗೆ ಮುನ್ನ ಮರಗಳನ್ನು ತುಂಬುವ ಮಿಂಚುಹುಳುಗಳು ಮಿನುಗಿನ ಸಂಕೇತದಿಂದಲೇ ಸಂಗಾತಿಯನ್ನು ಹುಡುಕುತ್ತವೆ. ಪ್ರಖರ ದೀಪದೆದುರು ಆ ಸಂಕೇತ ಮಸುಕಾಗುತ್ತದೆ. ರೈತರಿಗೂ ಇದರಲ್ಲಿ ನಷ್ಟವುಂಟು. ಭತ್ತದ ಅನೇಕ ನಾಟಿ ತಳಿಗಳು ಹಗಲು ಕಿರಿದಾಗುವುದನ್ನು ಅರಿತು ತೆನೆ ಬಿಡುತ್ತವೆ. ಗದ್ದೆಯಂಚಿನಲ್ಲಿ ರಾತ್ರಿಯಿಡೀ ದೀಪವುರಿದರೆ ಅಲ್ಲಿಯ ಪೈರು ತಡವಾಗಿ ತೆನೆ ಬಿಡುತ್ತದೆ. ಪರಿಹಾರ ಕಠಿಣವಲ್ಲ: ಬೆಳಕು ನೆಲಕ್ಕಷ್ಟೇ ಬೀಳುವಂತೆ ಮುಚ್ಚಿಗೆ, ಹಳದಿ ಛಾಯೆಯ ದೀಪ, ಅಗತ್ಯವಿಲ್ಲದ ವೇಳೆ ಕತ್ತಲು. ಲಡಾಖಿನ ಹಾನ್ಲೆಯಲ್ಲಿ 2022ರಲ್ಲಿ ಕತ್ತಲ ಆಕಾಶಕ್ಕೇ ಸಂರಕ್ಷಿತ ವಲಯ ಘೋಷಣೆಯಾಯಿತು.

ಮೂರನೆಯದು ಅಂಗಳ. ಅಲಂಕಾರಕ್ಕಾಗಿ ನೆಟ್ಟದ್ದೆಲ್ಲ ನಿರಪಾಯವಲ್ಲ. ಇಂದು ಕಾಡನ್ನು ನುಂಗಿರುವ ಲಂಟಾನ 19ನೇ ಶತಮಾನದಲ್ಲಿ ಈ ದೇಶಕ್ಕೆ ಬಂದದ್ದು ತೋಟದ ಹೂಗಿಡವಾಗಿ. ಹುಲ್ಲುಹಾಸು, ಸಿಮೆಂಟು ಹಾಸು, ನೀರು ಹೊರಹೋಗಲು ಕಿಂಡಿಗಳಿಲ್ಲದ ತಡೆಗೋಡೆ, ಇವು ಮಲೆನಾಡಿನ ಮಳೆಗೆ ಹೇಳಿದವಲ್ಲ. ಸ್ಥಳೀಯ ಮರಗಳು, ಧರೆಯಂಚಿಗೆ ಆಳಕ್ಕೆ ಬೇರಿಳಿಸುವ ಲಾವಂಚ, ನೀರು ಹರಿಯಲು ತೆರೆದ ಕಾಲುವೆ, ಇವು ನಿಯಮದ ಭಾಗವಾಗಬೇಕು.

ನಿಯಮಗಳು ನ್ಯಾಯಾಲಯದಿಂದ ಬಂದಾವೆಂದು ಕಾದು ಕೂರುವುದು ಸಾಲದು. ಶಿಮ್ಲಾದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2017ರಲ್ಲಿ ಎತ್ತರಕ್ಕೆ ಕಟ್ಟುನಿಟ್ಟಿನ ಮಿತಿ ವಿಧಿಸಿತು. 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ಬದಿಗಿರಿಸಿ, ಯೋಜನೆ ರೂಪಿಸುವುದು ಕಾನೂನಿನಂತೆ ಸರಕಾರದ ಕೆಲಸವೆಂದಿತು. ಪಾಠ ಸ್ಪಷ್ಟ: ಕರಡು ಹಂತದಲ್ಲಿ ಜನ ಮೌನವಾಗಿದ್ದರೆ ಮುಂದೆ ದಾರಿ ಕಿರಿದು.

ಕರ್ನಾಟಕದಲ್ಲಿ 1993ರ ಪಂಚಾಯತ್ ರಾಜ್ ಕಾಯಿದೆಯಂತೆ ಹಳ್ಳಿಯ ಕಟ್ಟಡಕ್ಕೆ ಗ್ರಾಮ ಪಂಚಾಯಿತಿಯ ಅನುಮತಿ ಬೇಕು. ಪಟ್ಟಣದ ಮಹಾಯೋಜನೆಗೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯು ಸಾರ್ವಜನಿಕರ ಅಭಿಪ್ರಾಯಕ್ಕೆ ಅವಕಾಶವಿತ್ತಿದೆ. ಈ ಎರಡು ಬಾಗಿಲುಗಳೂ ಊರವರಿಗೆ ತೆರೆದಿವೆ.

ಆದರೆ ನಿಯಮವು ಅಣ್ಣತಮ್ಮಂದಿರು ಪಾಲಾಗಿ ಕಟ್ಟಿಕೊಳ್ಳುವ ಪುಟ್ಟ ಮನೆಗೆ ಮುಳ್ಳಾಗಬಾರದು. ಬಡವನ ಸೂರಿಗೂ ಬೆಟ್ಟದ ತುದಿಯ ವಿಲಾಸಗೃಹಕ್ಕೂ ಒಂದೇ ತಕ್ಕಡಿ ಸಲ್ಲದು. ಮುಂದಿನ ಗ್ರಾಮಸಭೆಯಲ್ಲಿ ಮೂರೇ ಪ್ರಶ್ನೆ ಕೇಳಿರಿ: ಎತ್ತರ ಎಲ್ಲಿಂದ ಅಳೆಯುತ್ತೀರಿ? ದೀಪ ಯಾರ ಗದ್ದೆಗೆ ಬೀಳುತ್ತದೆ? ಮಳೆನೀರು ಎತ್ತ ಹೋಗುತ್ತದೆ? ಉತ್ತರವನ್ನು ನಡಾವಳಿಯಲ್ಲಿ ಬರೆಯಿಸಿರಿ.